ಬೆನ್ನುಹುರಿ ಸ್ಟಿಮ್ಯುಲೇಟರ್: ಲಕ್ಷ ಲಕ್ಷ ಕೊಡುವ ಮುನ್ನ

ಬೆನ್ನಿನ ಆಪರೇಷನ್ ಆದ ಮೇಲೂ ಕಾಲಿಗೆ ಇಳಿಯುವ ಉರಿ, ಜೋಮು, ಕರೆಂಟ್ ಹೊಡೆದಂಥ ಸೆಳೆತ ಆರು ತಿಂಗಳು ದಾಟಿದರೂ ಮಾತ್ರೆ, ವ್ಯಾಯಾಮಕ್ಕೆ ಬಗ್ಗದಿದ್ದರೆ ಬೆನ್ನುಹುರಿಗೆ ಸಣ್ಣ ಕರೆಂಟ್ ಹರಿಸಿ ನೋವು ತಗ್ಗಿಸುವ ಸ್ಟಿಮ್ಯುಲೇಟರ್ ಎಂಬ ಸಾಧನದ ಬಗ್ಗೆ ವಿಚಾರಿಸಬಹುದು. ಬಗ್ಗಿದಾಗ, ಎದ್ದಾಗ ಮಾತ್ರ ಹಿಡಿಯುವ ಸೊಂಟನೋವಿಗೆ ಇದು ಮದ್ದಲ್ಲ. ಹಾಕಿದ ಸ್ಕ್ರೂ ಸಡಿಲವಾಗಿದ್ದರೆ, ಡಿಸ್ಕ್ ಮತ್ತೆ ನರ ಒತ್ತುತ್ತಿದ್ದರೆ ಮೊದಲು ಅದನ್ನೇ ಸರಿಪಡಿಸಬೇಕು.

ಬೆನ್ನುಹುರಿಯ ಪೊರೆಯ ಹೊರಗೆ ಲೀಡ್ ಎಂಬ ತೆಳು ತಂತಿ, ಸೊಂಟದ ಹಿಂದೆ ಚರ್ಮದಡಿ ಬ್ಯಾಟರಿ, ಇಷ್ಟೇ ಸಾಧನ. ಖರ್ಚಿನ ದೊಡ್ಡ ಪಾಲು ಬ್ಯಾಟರಿಯದು, ಹಾಗಾಗಿ ಒಟ್ಟು ಬಿಲ್ ನೋಡದೆ ವರ್ಷಕ್ಕೆ ಎಷ್ಟು ಬಿತ್ತೆಂದು ನೋಡಿ. ಚಾರ್ಜ್ ಮಾಡಲಾಗದ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆ ಮುಗಿದು ಮತ್ತೆ ಆಪರೇಷನ್ ಬೇಕಾಗುತ್ತದೆ. ಅದು 4 ವರ್ಷವೂ ಬಾಳದಿದ್ದರೆ ಚಾರ್ಜ್ ಮಾಡುವ ಬ್ಯಾಟರಿಯೇ ಲಾಭ ಎಂದು ಬ್ರಿಟನ್ನಿನ ಲೆಕ್ಕಾಚಾರ ಹೇಳುತ್ತದೆ. ತಪ್ಪದೆ ಚಾರ್ಜಿಗೆ ಇಡಲು ಆಗದ ಹಿರಿಯರಿಗೆ ಮಾತ್ರ ಆ ಲಾಭ ದಕ್ಕದು.

ಟ್ರಯಲ್ ಇಲ್ಲದೆ ಬ್ಯಾಟರಿ ಹಾಕಿಸಲೇಬೇಡಿ. ಸೂಜಿಯ ಮೂಲಕ ತಾತ್ಕಾಲಿಕ ಲೀಡ್ ಇಟ್ಟು, ಹೊರಗಿನ ಪೆಟ್ಟಿಗೆಯಿಂದ ಸುಮಾರು ಒಂದು ವಾರ ನಡೆಸುತ್ತಾರೆ. ಆ ದಿನಗಳಲ್ಲಿ ನೋವಿಗೆ ಹತ್ತಕ್ಕೆ ಎಷ್ಟು, ಎಷ್ಟು ಹೊತ್ತು ನಿದ್ದೆ, ಎಷ್ಟು ದೂರ ನಡಿಗೆ, ಎಷ್ಟು ಮಾತ್ರೆ ಎಂದು ಬರೆದಿಡಿ. ನೋವು ಅರ್ಧಕ್ಕಾದರೂ ಇಳಿಯಬೇಕು. 'ಸ್ವಲ್ಪ ಆರಾಮ ಅನ್ನಿಸ್ತದ' ಎಂಬುದಕ್ಕೆ ಲಕ್ಷಗಟ್ಟಲೆ ಸುರಿಯುವುದು ಬೇಡ.

ಫಲಿತಾಂಶದ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. 2007ರ ಅಧ್ಯಯನವೊಂದರಲ್ಲಿ ಆರು ತಿಂಗಳಿಗೆ ಕಾಲುನೋವು ಅರ್ಧ ಇಳಿದವರು ಸಾಧನ ಹಾಕಿಸಿಕೊಂಡವರಲ್ಲಿ ಶೇ. 48, ಬರೀ ಔಷಧೋಪಚಾರದವರಲ್ಲಿ ಶೇ. 9. ಅದಕ್ಕೆ ಹಣ ಕೊಟ್ಟದ್ದು ಸಾಧನ ತಯಾರಿಸುವ ಕಂಪನಿ ಎಂಬುದು ನೆನಪಿರಲಿ. ಅದರಲ್ಲೇ ವರ್ಷದೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಲೀಡ್ ಜರುಗುವುದು, ಸೋಂಕಿನಂಥ ತೊಂದರೆ ಆಗಿತ್ತು. 2022ರಲ್ಲಿ ನಾರ್ವೆಯ 50 ರೋಗಿಗಳ ಪರೀಕ್ಷೆಯಲ್ಲಿ, ಒಂದು ಬಗೆಯ ಕರೆಂಟ್ ಹರಿಸಿದಾಗಲೂ ಹರಿಸದೆ ಇದ್ದಾಗಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಲೀಡ್ ಜರುಗದಿರಲು ಮೊದಲ ಆರರಿಂದ ಎಂಟು ವಾರ ಬಗ್ಗುವುದು, ತಿರುಚುವುದು, ತುಂಬಿದ ಕೊಡ ಎತ್ತುವುದು ಬೇಡ. ನೀವು ಹುಬ್ಬಳ್ಳಿಯವರಾದರೆ, ಪ್ರೋಗ್ರಾಮಿಂಗ್ (ಕರೆಂಟನ್ನು ನಿಮ್ಮ ನೋವಿಗೆ ತಕ್ಕಂತೆ ಹೊಂದಿಸುವುದು) ಮಾಡುವವರು ಅಲ್ಲಿಗೇ ಬರುತ್ತಾರೋ, ನೀವೇ ಬೆಂಗಳೂರಿಗೆ ಹೋಗಬೇಕೋ ಕೇಳಿ. ಹೋಗಿಬರಲು 800 ಕಿ.ಮೀ. ದಾಟುತ್ತದೆ, ನೋಯುವ ಬೆನ್ನಿಗೆ ಅದು ಸಣ್ಣ ಮಾತಲ್ಲ. ಕೊಟೇಶನ್‌ನಲ್ಲಿ ಟ್ರಯಲ್, ಲೀಡ್, ಬ್ಯಾಟರಿ, ಚಾರ್ಜರ್, ಪ್ರೋಗ್ರಾಮಿಂಗ್ ಬೇರೆ ಬೇರೆ ಬರೆಸಿಕೊಳ್ಳಿ. ಇನ್ಶೂರೆನ್ಸ್ ಒಪ್ಪಿಗೆ ಲಿಖಿತವಾಗಿ ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡಿ. ಎಂ.ಆರ್.ಐ. ಮಾಡಿಸಬಹುದಾದ ಮಾಡೆಲ್ಲೇ ಎಂದು ಖಚಿತಪಡಿಸಿಕೊಳ್ಳಿ. ಓಣಿಯ ಫಿಸಿಯೋಥೆರಪಿ ಸೆಂಟರ್‌ಗೆ ಹೋದರೂ ಒಳಗೆ ಸಾಧನವಿದೆ ಎಂದು ಮೊದಲೇ ಹೇಳಿ: ಡಯಾಥರ್ಮಿ (ಯಂತ್ರದ ವಿದ್ಯುತ್ ಅಲೆಗಳಿಂದ ಕೊಡುವ) ಶಾಖ ಕೊಟ್ಟರೆ ಲೀಡ್ ತುದಿ ಕಾದು ಬೆನ್ನುಹುರಿಯೇ ಸುಡಬಹುದು.