ಗೋವಿನಜೋಳಕ್ಕೆ ಯೂರಿಯಾನೋ, ತಿಪ್ಪೆಗೊಬ್ಬರನೋ?

ಹಾವೇರಿ ಸೀಮೆಯ ಗೋವಿನಜೋಳಕ್ಕೆ ಯಾವುದು ಎಂದು ಕೇಳಿದ್ದೀರಿ. ಮೊದಲು ಸಾರಜನಕದ ಲೆಕ್ಕ ನೋಡಿ. 45 ಕೆಜಿ ಯೂರಿಯಾ ಚೀಲದಲ್ಲಿ ಸುಮಾರು 20 ಕೆಜಿ ಸಾರಜನಕ ಇರುತ್ತದೆ. ತಿಪ್ಪೆಗೊಬ್ಬರದಲ್ಲಿ ಅಷ್ಟಕ್ಕೆ 4 ಟನ್ ಬೇಕು, ಅದೂ ಮೊದಲ ಹಂಗಾಮಿಗೇ ಪೂರ್ತಿ ದಕ್ಕದು. ಹೊಲ ದೂರವಿದ್ದರೆ ಹೇರುವ ಟ್ರ್ಯಾಕ್ಟರಿನ ಡೀಸೆಲ್ಲೇ ದೊಡ್ಡ ಖರ್ಚು.

ಯೂರಿಯಾ ಅಗ್ಗ, ಬೇಗ ಹತ್ತುತ್ತದೆ. ಆದರೆ ಅದು ನೈಸರ್ಗಿಕ ಅನಿಲದಿಂದ ತಯಾರಾಗುವಂಥದ್ದು. ಅನಿಲದ ಆಮದು ತೊಡಕಾದರೆ ಮೇಲುಗೊಬ್ಬರದ (ಬೆಳೆಯುತ್ತಿರುವ ಪೈರಿಗೆ ಕೊಡುವ ಗೊಬ್ಬರದ) ಹೊತ್ತಿಗೇ ಚೀಲ ಸಿಗದೆ ತೆನೆ ಸೊರಗುತ್ತದೆ. ಯೂರಿಯಾವನ್ನು ಮಣ್ಣು ಮುಚ್ಚದೆ ಚೆಲ್ಲಿದರೆ ಅದರ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಮಸಾರಿ (ಕೆಂಪು ಮಣ್ಣಿನ) ಹೊಲ, ಮನೆಯಲ್ಲಿ ದನ ಇದ್ದವರಿಗೆ ತಿಪ್ಪೆಗೊಬ್ಬರವೇ ಮೇಲು, ತೇವ ಹಿಡಿದಿಡುತ್ತದೆ. ಪೂರ್ತಿ ಕಳಿತಿರಬೇಕು, ಇಲ್ಲವಾದರೆ ಗೆದ್ದಲು ಬರುತ್ತದೆ. ದನವಿಲ್ಲದ ಗೇಣಿದಾರರಿಗೆ ಯೂರಿಯಾ ಅನಿವಾರ್ಯ. ಅದನ್ನು ಕಂತು ಮಾಡಿ, ಮಣ್ಣು ಹಸಿ ಇರುವಾಗ ಸಾಲಿಗೆ ಹಾಕಿ, ಮಣ್ಣು ಮುಚ್ಚುವಂತೆ ಎಡೆ ಹೊಡೆಯಿರಿ.