ಸ್ಯಾನ್‌ಬಾರ್ನ್ ಕೇಳೋಕೆ ಬಾಕ್ಸ್ ಸೆಟ್ಟಾ, ಬಿಡಿ ಆಲ್ಬಮ್ಮಾ?

ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಡೇವಿಡ್ ಸ್ಯಾನ್‌ಬಾರ್ನ್ ಅವರನ್ನು ನಾನು ಮೂರು ಥರ ಕೇಳಿ ನೋಡಿದ್ದೇನೆ. 1994ರಲ್ಲಿ ಬಂದ ಒಂದೇ ಡಿಸ್ಕಿನ 'ಬೆಸ್ಟ್ ಆಫ್' ಒಂದು. ಬ್ರಿಟನ್ನಿನ ರೆಕಾರ್ಡ್ ಕಂಪನಿ ಚೆರಿ ರೆಡ್‌ನವರು ತಂದ ಮೂರು ಸಿಡಿಯ ಬಾಕ್ಸ್ ಸೆಟ್ 'ಎನಿಥಿಂಗ್ ಯು ವಾಂಟ್' ಇನ್ನೊಂದು. ಇದರಲ್ಲಿರೋದು 1975ರಿಂದ 1999ರವರೆಗೆ ವಾರ್ನರ್, ರಿಪ್ರೈಸ್, ಎಲೆಕ್ಟ್ರಾ ಕಂಪನಿಗಳಿಗೆ ಅವರು ಮಾಡಿದ ಆಲ್ಬಮ್‌ಗಳಿಂದ ಆರಿಸಿದ ಹಾಡುಗಳು. ಮೂರನೆಯದು ಬಿಡಿ ಆಲ್ಬಮ್‌ಗಳು.

'ಬೆಸ್ಟ್ ಆಫ್' ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಕಾರಲ್ಲಿ ಹಾಕಿಕೊಳ್ಳೋಕೆ ಚೆನ್ನಾಗಿದೆ. ಆದರೆ 1994ಕ್ಕೇ ನಿಂತುಹೋಗುತ್ತೆ, ಹಾಗಾಗಿ ಜಾನಿ ಮ್ಯಾಂಡೆಲ್ ಆರ್ಕೆಸ್ಟ್ರಾ ಜೋಡಿಸಿಕೊಟ್ಟ 'ಪರ್ಲ್ಸ್' (1995) ಸಿಗಲ್ಲ, ಗ್ರ್ಯಾಮಿ ಗೆದ್ದ 'ಇನ್‌ಸೈಡ್' (1999) ಸಿಗಲ್ಲ.

ಬಾಕ್ಸ್ ಸೆಟ್ ಇದಕ್ಕಿಂತ ಎಷ್ಟೋ ಮೇಲು. ಹಿಂದಿನ ವಾದ್ಯಗಳ ಸದ್ದು ಕಾಲಕ್ಕೆ ತಕ್ಕ ಹಾಗೆ ಬದಲಾಗ್ತಾ ಹೋದರೂ ಆ ಆಲ್ಟೊ ಸ್ಯಾಕ್ಸೊಫೋನಿನ ದನಿ ಮಾತ್ರ ಎರಡೇ ಸ್ವರಕ್ಕೆ ಗುರುತು ಸಿಕ್ಕಿಬಿಡುತ್ತೆ. ನಮಗೆ ಆಲ್ಟೊ ಅಂದರೆ ಕದ್ರಿ ಗೋಪಾಲನಾಥ್ ಅಲ್ವಾ, ಆ ಜಾರುವ ಗಮಕ ಕೇಳಿ ಬೆಳೆದ ಕಿವಿಗೆ ಇವರು ಸ್ವರವನ್ನು ಮೇಲಕ್ಕೆ ಎಳೆದು ಕೊನೆಯಲ್ಲಿ ಹರಿದಂತೆ ಕೂಗಿಸೋದು ಮೊದಲು ಒರಟು ಅನ್ನಿಸಬಹುದು. ಆ ಒರಟೇ ಇವರ ಗುರುತು. ಹುಡುಗನಾಗಿದ್ದಾಗ ಗಾಯಕ ರೇ ಚಾರ್ಲ್ಸ್ ಬ್ಯಾಂಡಿನ ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಕ್ರಾಫರ್ಡ್ ಅವರನ್ನು ಕೇಳಿ ಹಚ್ಚಿಕೊಂಡವರು, ಪೋಲಿಯೊ ಆಗಿದ್ದಕ್ಕೆ ಉಸಿರಿಗೆ ಒಳ್ಳೇದು ಅಂತ ಡಾಕ್ಟರು ಹೇಳಿದ ಮೇಲೆ ಸ್ಯಾಕ್ಸೊಫೋನ್ ಹಿಡಿದವರು. 'ಸ್ಮೂತ್ ಜಾಝ್' (ಕಿವಿಗೆ ಹಿತವಾಗಿ, ನಯವಾಗಿ ನುಡಿಸೋ ಜಾಝ್) ಅನ್ನೋ ಹಣೆಪಟ್ಟಿ ಅವರಿಗೆ ಹಿಡಿಸ್ತಿರಲಿಲ್ಲ.

ಬಾಕ್ಸಿನ ತೊಂದರೆ ಜಾಗದ್ದು. ಒಂದು ಸಿಡಿಗೆ ಹೆಚ್ಚೆಂದರೆ 80 ನಿಮಿಷ, ಮೂರಕ್ಕೆ ನಾಲ್ಕು ಗಂಟೆ. ಅಷ್ಟರಲ್ಲಿ ಹದಿನೈದಕ್ಕೂ ಜಾಸ್ತಿ ಆಲ್ಬಮ್ ಹಿಡಿಸಬೇಕು, ಒಂದೊಂದಕ್ಕೆ ಕಾಲು ಗಂಟೆ ಸಿಕ್ಕರೆ ಪುಣ್ಯ. 1980ರ 'ಹೈಡ್‌ಅವೇ' ಥರದ ಆಲ್ಬಮ್ಮಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ, ಅದರ ಹಾಡುಗಳು ಒಂದೊಂದೇ ಕೇಳಿದರೂ ನಿಲ್ಲುತ್ತವೆ.

1984ರ ಲೈವ್ ಆಲ್ಬಮ್ 'ಸ್ಟ್ರೇಟ್ ಟು ದಿ ಹಾರ್ಟ್' ಹಾಗಲ್ಲ. 'ಹೈಡ್‌ಅವೇ' ಹಾಡು ಇದರಲ್ಲೂ ಇದೆ, ಸ್ಟುಡಿಯೊದ್ದನ್ನು ಕೇಳಿದ ಬೆನ್ನಿಗೇ ಇದನ್ನು ಹಾಕಿ ನೋಡಿ. ಮಾರ್ಕಸ್ ಮಿಲ್ಲರ್ ಬಾಸ್ ತಂತಿಯನ್ನು ಹೆಬ್ಬೆರಳಲ್ಲಿ ಹೊಡೀತಾ ಕೆಳಗಿಂದ ನೂಕ್ತಾ ಇರ್ತಾರೆ, ಹೈರಮ್ ಬುಲಕ್ ಗಿಟಾರು ಪಕ್ಕದಲ್ಲೇ ಕೆಣಕ್ತಾ ಇರುತ್ತೆ, ಸ್ಯಾನ್‌ಬಾರ್ನ್ ಎಲ್ಲಿ ನಿಲ್ಲಿಸ್ತಾರೆ ಅಂತ ಗೊತ್ತಾಗದೆ ಜನ ನಡುವೆಯೇ ಕೂಗಿಬಿಡ್ತಾರೆ. ಒಂದು ಹಾಡಿನ ಬಿಸಿ ಮುಂದಿನದಕ್ಕೆ ಹೋಗುತ್ತೆ. ಬಿಡಿಸಿ ಬೇರೆ ಕಡೆ ಇಟ್ಟರೆ ಅದು ಆರಿಹೋಗುತ್ತೆ.

'ಅನದರ್ ಹ್ಯಾಂಡ್' (1991) ಇನ್ನೂ ಬೇರೆ. ಬಿಲ್ ಫ್ರಿಸೆಲ್ ಗಿಟಾರು, ಚಾರ್ಲಿ ಹೇಡನ್ ಬಾಸು. ಹೇಡನ್ ಬರೆದ 'ಫಸ್ಟ್ ಸಾಂಗ್' ನುಡಿಸುವಾಗ ಸ್ಯಾನ್‌ಬಾರ್ನ್‌ಗೆ ಯಾವ ಅವಸರವೂ ಇಲ್ಲ, ಸ್ವರಕ್ಕೂ ಸ್ವರಕ್ಕೂ ಮಧ್ಯೆ ಸುಮ್ನೆ ಕಾಯ್ತಾರೆ. ಇದನ್ನು ಎರಡು ಕುಣಿಯೋ ಹಾಡುಗಳ ಮಧ್ಯೆ ಕೇಳಿದರೆ ಯಾವಾಗ ಮುಗಿಯುತ್ತಪ್ಪಾ ಅನ್ನಿಸುತ್ತೆ. ಇಡೀ ಆಲ್ಬಮ್ ರಾತ್ರಿ ಹೆಡ್‌ಫೋನಲ್ಲಿ ಕೇಳಿದಾಗಲೇ ನನಗೆ ಹಿಡಿಸಿದ್ದು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ್ದು ಇದೇ, ಇದಕ್ಕೆ ಜಗಳ ಮಾಡೋರು ಮಾಡಲಿ.

ಹೊಸಬರು ಬಾಕ್ಸ್ ತಗೊಳ್ಳಿ, ಆದರೆ ಜೊತೆಗೆ ಈ ಎರಡನ್ನೂ ತಗೊಳ್ಳಿ. ಒಂದೇ ಕೊಳ್ಳೋಕಾಗೋದು ಅಂದರೆ ಬಾಕ್ಸ್ ಬಿಟ್ಟು ಆ ಲೈವ್ ಆಲ್ಬಮ್ಮೇ ಸರಿ. ದುಡ್ಡು ಉಳಿದರೆ ಕೀಬೋರ್ಡ್ ವಾದಕ ಬಾಬ್ ಜೇಮ್ಸ್ ಜೊತೆ ಮಾಡಿದ 'ಡಬಲ್ ವಿಷನ್' (1986) ಕೂಡ ಬಿಡಿಯಾಗೇ ಕೊಳ್ಳಿ. ಇರೋದು ಏಳೇ ಟ್ರ್ಯಾಕು, ಸರಿಯಾಗಿ ನಡುವೆ ಗಾಯಕ ಅಲ್ ಜಾರೋ ಬಂದು ಹಾಡಿ ಹೋಗ್ತಾರೆ.