ಮೂರು ಬಗ್ಗಿ, ಎರಡು ನೆಲ: 1984ರ ವಿನ್ಯಾಸವನ್ನು ಇಂದಿನದರ ಪಕ್ಕದಲ್ಲಿಟ್ಟು ಓಡಿಸಿದಾಗ

1:10 ಅಳತೆಯ, ಹಿಂದಿನ ಎರಡು ಚಕ್ರಗಳ ಬಲದಿಂದ ಮಾತ್ರ ಓಡುವ ಮೂರು ರೇಡಿಯೋ ಕಂಟ್ರೋಲ್ ಬಗ್ಗಿಗಳನ್ನು (ಒರಟು ನೆಲದ ಮೇಲೆ ಓಡುವ ಪುಟ್ಟ ಮಾದರಿ ಕಾರುಗಳನ್ನು) ಕಳೆದ ಮೂರು ತಿಂಗಳ ವಾರಾಂತ್ಯಗಳಲ್ಲಿ ಒಂದಾದ ಮೇಲೊಂದರಂತೆ ಓಡಿಸಿ ನೋಡಿದ್ದೇನೆ. ಮೊದಲನೆಯದು ಜಪಾನಿನ ಶಿಜುವೊಕಾದ ತಮಿಯಾ ಕಂಪನಿ 1984ರಲ್ಲಿ ಹೊರತಂದು, ಇಪ್ಪತ್ತು ವರ್ಷಗಳ ನಂತರ 2004ರಲ್ಲಿ ಮತ್ತೆ ತಯಾರಿಸಿದ ಹಾರ್ನೆಟ್. ಎರಡನೆಯದು ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ಅದೇ 1984ರಲ್ಲಿ ಮಾರುಕಟ್ಟೆಗೆ ತಂದ ಆರ್‌ಸಿ10. ನನ್ನ ಬಳಿ ಇರುವುದು 2013ರಲ್ಲಿ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮರಳಿ ಬಂದ ಪ್ರತಿ. ಮೂರನೆಯದು ಅದೇ ಕಂಪನಿ 2016ರಲ್ಲಿ ಆರಂಭಿಸಿದ ಬಿ6 ಸರಣಿಯ ಕಾರು. ಮೊದಲ ಎರಡು ಒಂದೇ ವರ್ಷದಲ್ಲಿ ಹುಟ್ಟಿದವು, ಕೊನೆಯ ಎರಡು ಒಂದೇ ಮನೆತನದವು, ಆದರೂ ಮೂರರಲ್ಲಿ ಯಾವ ಎರಡೂ ಒಂದೇ ರೀತಿ ಯೋಚಿಸಿ ಮಾಡಿದ ಕಾರುಗಳಲ್ಲ.

ಈ ಕಾರುಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ ಹೆಚ್ಚಿನವರು ಮೋಟರು ಮತ್ತು ಬ್ಯಾಟರಿಯನ್ನು ಹೆಸರಿಸುತ್ತಾರೆ. ಆ ಉತ್ತರಕ್ಕೆ ಆಧಾರವಿದೆ. ಆರು ನಿಕಲ್-ಕ್ಯಾಡ್ಮಿಯಂ ಸೆಲ್‌ಗಳ 7.2 ವೋಲ್ಟಿನ ಬ್ಯಾಟರಿ, ಇಂಗಾಲದ ಬ್ರಷ್ ಇರುವ ಮೋಟರು, ಸರ್ವೋ ಎಂಬ ಪುಟ್ಟ ಮೋಟರು ತಿರುಗಿಸಿದಂತೆ ಹಂತಹಂತವಾಗಿ ವೇಗ ಬದಲಿಸುತ್ತಿದ್ದ, ಕೈಗೆ ತಗುಲಿದರೆ ಸುಡುವಷ್ಟು ಬಿಸಿಯಾಗುತ್ತಿದ್ದ ರೆಸಿಸ್ಟರಿನ ಸ್ಪೀಡ್ ಕಂಟ್ರೋಲರ್, ಇವೆಲ್ಲ ಹೋಗಿ ಲಿಥಿಯಂ ಪಾಲಿಮರ್ ಬ್ಯಾಟರಿಯೂ ಬ್ರಷ್‌ಲೆಸ್ ಮೋಟರೂ ಬಂದಾಗ ಆಟದ ವೇಗವೇ ಬೇರೆಯಾಯಿತು. ಆದರೆ ಅದು ಕಾರಿನೊಳಗೆ ಕೂರಿಸುವ ಸಾಮಾನಿನ ಚರಿತ್ರೆಯೇ ಹೊರತು ಕಾರಿನ ಚರಿತ್ರೆಯಲ್ಲ. ನನಗೆ ನೋಡಬೇಕಿದ್ದುದು ಕಾರಿನ ವಿನ್ಯಾಸವನ್ನು. ಆದ್ದರಿಂದ ಮೂರಕ್ಕೂ ಒಂದೇ 17.5 ಟರ್ನಿನ (ಟರ್ನ್ ಎಂದರೆ ಒಳಗಿನ ತಂತಿಯ ಸುತ್ತು) ಬ್ರಷ್‌ಲೆಸ್ ಮೋಟರು, ಒಂದೇ ಸ್ಪೀಡ್ ಕಂಟ್ರೋಲರ್, ಒಂದೇ ರಿಸೀವರ್, ಒಂದೇ ಗಿಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರತಿ ಸಲ ಬಿಚ್ಚಿ ಬದಲಾಯಿಸಿ ಹಾಕಿದೆ. ಹಳೆಯ ಎರಡರಲ್ಲಿ ಬ್ಯಾಟರಿಯ ಗೂಡು ಉದ್ದವಾಗಿರುವುದರಿಂದ ಖಾಲಿ ಜಾಗಕ್ಕೆ ಸ್ಪಂಜು ತುಂಬಬೇಕಾಯಿತು. ಟಯರನ್ನು ಮಾತ್ರ ಸಮ ಮಾಡಲು ಆಗಲಿಲ್ಲ. ಮೂರು ಕಾರುಗಳ ಚಕ್ರಗಳು ಮೂರು ಬಗೆಯವು, ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಈ ಹೋಲಿಕೆಯಲ್ಲಿ ಉಳಿದಿರುವ ದೊಡ್ಡ ಕೊರತೆ ಇದೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾನಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಯೋಗಕ್ಕೆ ಎರಡು ನೆಲ ಸಿಕ್ಕವು. ಒಂದು ಬಯಲಿನ ಮಣ್ಣಿನ ಟ್ರ್ಯಾಕು. ಬೆಳಿಗ್ಗೆ ನೀರು ಹಾಕಿದಾಗ ಗಟ್ಟಿಯಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಮೇಲ್ಪದರ ಒಣಗಿ ಹಿಟ್ಟಿನಂತಾಗುತ್ತದೆ. ಇನ್ನೊಂದು ಸೂರಿನ ಕೆಳಗಿನ ಕಾರ್ಪೆಟ್ ಟ್ರ್ಯಾಕು. ಅಲ್ಲಿ ಜಿಗಿಯುವ ದಿಬ್ಬಗಳಿಗೂ ಕಾರ್ಪೆಟ್ಟನ್ನೇ ಹೊದಿಸಿರುತ್ತಾರೆ.

ಹಾರ್ನೆಟ್‌ನಿಂದ ಆರಂಭಿಸುತ್ತೇನೆ. 1979ರಲ್ಲಿ ಇದೇ ತಮಿಯಾ ಸ್ಯಾಂಡ್ ಸ್ಕಾರ್ಚರ್ ಎಂಬ ಬಗ್ಗಿಯನ್ನು ಮಾಡಿದಾಗ ನಿಜವಾದ ಮರುಭೂಮಿಯ ಫೋಕ್ಸ್‌ವ್ಯಾಗನ್ ಬಗ್ಗಿಯ ಸಸ್ಪೆನ್ಷನ್ನನ್ನು ಲೋಹದಲ್ಲಿ ಎರಕ ಹೊಯ್ದು ಚಿಕ್ಕದಾಗಿ ಮರುಸೃಷ್ಟಿಸಿತ್ತು. ಅದು ಸುಂದರವಾಗಿತ್ತು, ಭಾರವಾಗಿತ್ತು, ರೇಸಿಗಿಂತ ಮಾದರಿಯ ನಿಷ್ಠೆಗೆ ಹೆಚ್ಚು ಗಮನ ಕೊಟ್ಟಿತ್ತು. ಹಾರ್ನೆಟ್ ಆ ದಾರಿಯನ್ನು ಬಿಟ್ಟು, ಹಗುರವಾದ ಪ್ಲಾಸ್ಟಿಕ್ ತೊಟ್ಟಿಯಂಥ ಷಾಸಿ (ಉಳಿದ ಭಾಗಗಳನ್ನೆಲ್ಲ ಹೊರುವ ಚೌಕಟ್ಟು), ಮುಂದೆ ಯಾವ ಪೆಟ್ಟನ್ನಾದರೂ ತಾಳುವ ಅಗಲವಾದ ಬಂಪರು, ಹಿಂದೆ 540 ಎಂಬ ಅಳತೆಯ ಮೋಟರು ಎಂಬ ಸರಳ ಸೂತ್ರವನ್ನು ಹಿಡಿಯಿತು. ಒಬ್ಬ ಹುಡುಗ ಒಂದೆರಡು ಸಂಜೆಗಳಲ್ಲಿ ಜೋಡಿಸಿ ಓಡಿಸಬಹುದಾದ ಕಾರು ಅದು. ಆ ಕೆಲಸವನ್ನು ಅದು ಇಂದಿಗೂ ಅಷ್ಟೇ ಚೆನ್ನಾಗಿ ಮಾಡುತ್ತದೆ.

ಅದರ ಸಸ್ಪೆನ್ಷನ್ ಹೀಗಿದೆ. ಮುಂದಿನ ಪ್ರತಿ ಚಕ್ರಕ್ಕೂ ಒಂದೇ ತೋಳು, ಎಣ್ಣೆಯಿಲ್ಲದ ಸ್ಪ್ರಿಂಗು. ಚಕ್ರ ಮೇಲೆ ಕೆಳಗೆ ಆಡಿದಂತೆ ಅದರ ವಾಲಿಕೆಯೂ ಬದಲಾಗುತ್ತದೆ. ಹಿಂದೆ ಚಕ್ರದ ಕುಣಿತವನ್ನು ತಗ್ಗಿಸುವ ಎಣ್ಣೆಯ ಶಾಕ್‌ಗಳಿವೆ, ಆದರೆ ಆಕ್ಸಲ್, ಗೇರ್‌ಬಾಕ್ಸ್, ಮೋಟರು ಮೂರೂ ಸೇರಿ ಒಂದೇ ಗಟ್ಟಿ ಮುದ್ದೆ. ಚಕ್ರ ಒಂದು ಉಬ್ಬನ್ನು ಹತ್ತಿದರೆ ಆ ಮುದ್ದೆ ಪೂರ್ತಿಯಾಗಿ ಏಳಬೇಕು. ಕಾರಿನಲ್ಲಿ ಅತ್ಯಂತ ಭಾರವಾದ ವಸ್ತುಗಳಲ್ಲಿ ಒಂದಾದ ಮೋಟರು ಸ್ಪ್ರಿಂಗಿನ ಮೇಲೆ ಕೂರುವ ಬದಲು ಸ್ಪ್ರಿಂಗಿನ ಕೆಳಗೆ ಚಕ್ರದ ಜೊತೆಗೇ ಕುಣಿಯುವುದು ಹೇಗೆ ಕಾಣುತ್ತದೆ ಎಂಬುದನ್ನು ಮಣ್ಣಿನ ಟ್ರ್ಯಾಕಿನ ನೇರ ದಾರಿಯ ಕೊನೆಯಲ್ಲಿದ್ದ ಅಲೆಯಲೆಯಾದ ಉಬ್ಬುಗಳ ಮೇಲೆ ಮೊಣಕಾಲೂರಿ ಕುಳಿತು ನೋಡಿದೆ. ಸ್ನೇಹಿತರೊಬ್ಬರು ಓಡಿಸುತ್ತಿದ್ದರು. ಮೊದಲ ಉಬ್ಬಿಗೆ ಹಿಂಭಾಗ ಎದ್ದಿತು, ಎರಡನೆಯ ಉಬ್ಬನ್ನು ಟಯರು ಮುಟ್ಟಲೇ ಇಲ್ಲ, ಮೂರನೆಯದರ ನೆತ್ತಿಗೆ ಬಡಿದು ಮತ್ತೆ ಎದ್ದಿತು. ಗಾಳಿಯಲ್ಲಿದ್ದ ಅಷ್ಟು ಹೊತ್ತೂ ಮೋಟರಿನ ಸದ್ದು ಏರುತ್ತಲೇ ಇತ್ತು, ಅಂದರೆ ಆ ಶಕ್ತಿಯೆಲ್ಲ ನೆಲಕ್ಕೆ ಇಳಿಯದೆ ಪೋಲಾಗುತ್ತಿತ್ತು.

ಆರ್‌ಸಿ10 ಅನ್ನು ಅದೇ ಉಬ್ಬುಗಳ ಮೇಲೆ ಬಿಟ್ಟಾಗ ನಾನು ನೋಡಿದ್ದು ಬೇರೆ ಯುಗದ ಕಾರನ್ನು, ಆದರೆ ಅದು ಹುಟ್ಟಿದ್ದು ಹಾರ್ನೆಟ್‌ನ ವರ್ಷದಲ್ಲಿಯೇ. ಉಬ್ಬುಗಳ ಮೇಲೆ ಚಕ್ರಗಳು ಹೊಲಿಗೆ ಯಂತ್ರದ ಸೂಜಿಯಂತೆ ಆಡಿದವು, ಚಿನ್ನದ ಬಣ್ಣದ ಷಾಸಿ ಮಾತ್ರ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಸಾಗಿತು. ಕಾರಣಗಳು ಮೂರು. ಮೋಟರು ಮತ್ತು ಗೇರ್‌ಬಾಕ್ಸ್ ಷಾಸಿಗೆ ಬಿಗಿಯಾಗಿದ್ದು ಸ್ಪ್ರಿಂಗಿನ ಮೇಲೆ ಕುಳಿತಿವೆ. ನಾಲ್ಕು ಚಕ್ರಗಳಿಗೂ ಉದ್ದನೆಯ ನೈಲಾನ್ ತೋಳುಗಳಿದ್ದು ಒಂದರ ಕುಣಿತ ಇನ್ನೊಂದಕ್ಕೆ ತಾಗುವುದಿಲ್ಲ. ನಾಲ್ಕರಲ್ಲಿಯೂ ಎಣ್ಣೆ ತುಂಬಿದ ಅಲ್ಯುಮಿನಿಯಂ ಶಾಕ್‌ಗಳಿವೆ. ವಿನ್ಯಾಸಕಾರ ರೋಜರ್ ಕರ್ಟಿಸ್ ಮಾಡಿದ ದೊಡ್ಡ ನಿರ್ಧಾರವೆಂದರೆ ಈ ಬಗ್ಗಿ ಯಾವ ನಿಜವಾದ ಕಾರಿನ ಪ್ರತಿರೂಪವೂ ಆಗಬೇಕಿಲ್ಲ, ತಾನು ಓಡುವ ಮಣ್ಣಿಗೆ ಒಪ್ಪಿದರೆ ಸಾಕು ಎಂಬುದು ಎಂದು ನಾನು ತಿಳಿದಿದ್ದೇನೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ 1:10 ಆಫ್-ರೋಡ್ ವಿಭಾಗದ ಮೊದಲ ಇಫ್ಮಾರ್ (ಮಾದರಿ ಕಾರು ರೇಸಿನ ಅಂತರರಾಷ್ಟ್ರೀಯ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಜೇ ಹಾಲ್ಸಿ ಎರಡು ಚಕ್ರ ಚಾಲನೆಯ ಪಟ್ಟವನ್ನು ಗೆದ್ದದ್ದು ಈ ಕಾರಿನಲ್ಲಿಯೇ.

ಶಾಕ್‌ಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಮಟ್ಟಿಗೆ ಬಗ್ಗಿಯ ಜೀವ ಇರುವುದು ಅಲ್ಲಿ. ಕಿರುಬೆರಳಿನಷ್ಟು ದಪ್ಪದ ಆ ಕೊಳವೆಯನ್ನು ನೆಟ್ಟಗೆ ಹಿಡಿದು ಸಿಲಿಕೋನ್ ಎಣ್ಣೆಯನ್ನು ಅಂಚಿನವರೆಗೆ ತುಂಬಬೇಕು, ಒಳಗಿನ ತೂತುಗಳಿರುವ ಪಿಸ್ಟನ್ನನ್ನು ಅವಸರವಿಲ್ಲದೆ ಮೇಲೆ ಕೆಳಗೆ ಆಡಿಸಬೇಕು, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಮೇಲೆದ್ದು ಒಡೆಯುವವರೆಗೆ ಕಾಯಬೇಕು, ಆಮೇಲೆ ಮುಚ್ಚಳ ಬಿಗಿಯಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ದಂಡವನ್ನು ಒತ್ತಿದಾಗ ಕಿಚಕಿಚ ಸದ್ದು ಬರುತ್ತದೆ, ಎಡಗಡೆಯ ಶಾಕ್ ಬಲಗಡೆಯದಕ್ಕಿಂತ ಬೇಗ ಕುಸಿಯುತ್ತದೆ. ಮಧ್ಯಾಹ್ನ ಮಣ್ಣು ಸಡಿಲವಾದಾಗ ತೆಳುವಾದ ಎಣ್ಣೆ ಬೇಕು, ಜಿಗಿತ ದೊಡ್ಡದಾದಾಗ ಗಟ್ಟಿ ಎಣ್ಣೆ ಬೇಕು. ನೆಲವನ್ನು ನೋಡಿ ಕಾರನ್ನು ಬದಲಾಯಿಸಿಕೊಳ್ಳುವ ಈ ಸಾಧ್ಯತೆಯನ್ನು ಹಾರ್ನೆಟ್ ಬಹಳ ಸ್ವಲ್ಪ ಕೊಡುತ್ತದೆ, ಆರ್‌ಸಿ10 ಧಾರಾಳವಾಗಿ ಕೊಡುತ್ತದೆ. ಬಿ6 ಇದನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಅದರ ಶಾಕ್‌ಗಳು ಹೆಚ್ಚು ದಪ್ಪ, ಹೆಚ್ಚು ಎಣ್ಣೆ ಹಿಡಿಯುತ್ತವೆ, ಸ್ಪ್ರಿಂಗಿನ ಒತ್ತಡವನ್ನು ಕೊಳವೆಯ ಮೇಲಿನ ತಿರುಪಿನ ಬಳೆ ತಿರುಗಿಸಿಯೇ ಹೊಂದಿಸಬಹುದು. ಆದರೆ ಕೆಲಸ ಮಾಡುವ ತತ್ತ್ವ 1984ರದೇ.

ಚಕ್ರದ ವಾಲಿಕೆಯನ್ನು ಹೊಂದಿಸುವ ಕಡ್ಡಿಯಲ್ಲಿಯೂ ಇಂಥ ಒಂದು ಸಣ್ಣ ಪ್ರಗತಿ ಕಾಣುತ್ತದೆ. ಹಳೆಯ ವಿನ್ಯಾಸದಲ್ಲಿ ಕಡ್ಡಿಯ ಒಂದು ತುದಿಯನ್ನು ಕಳಚಿ, ಪ್ಲಾಸ್ಟಿಕ್ ಟೊಪ್ಪಿಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಒತ್ತಿ ಕೂರಿಸಬೇಕು. ಬಿ6ರಲ್ಲಿ ಒಂದು ತುದಿಗೆ ಎಡ ತಿರುಪು, ಇನ್ನೊಂದಕ್ಕೆ ಬಲ ತಿರುಪು ಇರುವುದರಿಂದ ಏನನ್ನೂ ಕಳಚದೆ ನಡುವೆ ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಮುಗಿಯಿತು. ಎರಡು ಸುತ್ತಿನ ರೇಸುಗಳ ನಡುವೆ ಹತ್ತು ನಿಮಿಷ ಮಾತ್ರ ಇರುವವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಆರ್‌ಸಿ10ಕ್ಕೂ ಬಿ6ಕ್ಕೂ ನಡುವೆ ನಿಜವಾಗಿ ಬದಲಾದದ್ದು ಭಾರದ ಜಾಗ. ಆರ್‌ಸಿ10ರಲ್ಲಿ ಮೋಟರು ಹಿಂದಿನ ಆಕ್ಸಲ್‌ನ ಹಿಂದೆ ನೇತಾಡುತ್ತದೆ. ಸಡಿಲ ಮಣ್ಣಿನಲ್ಲಿ ಓಡಬೇಕಾದ ಚಕ್ರಗಳ ಮೇಲೆ ಭಾರ ಬೀಳಲಿ ಎಂಬುದು ಅದರ ಹಿಂದಿನ ಲೆಕ್ಕ. ತಲೆಯ ಮೇಲೆ ಮೂಟೆಯಿದ್ದವನ ಕಾಲು ಮರಳಿನಲ್ಲಿ ಊರಿಕೊಳ್ಳುವಂತೆ ಹಿಂದಿನ ಟಯರು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಆದರೆ ಅದೇ ಭಾರ ವೇಗದ ತಿರುವಿನಲ್ಲಿ ಲೋಲಕದಂತೆ ಹೊರಗೆ ಬೀಸುತ್ತದೆ, ಮುಂಭಾಗ ಹಗುರವಾಗಿ ಸ್ಟಿಯರಿಂಗ್ ತಡವಾಗಿ ಉತ್ತರಿಸುತ್ತದೆ. ಬಿ6ರಲ್ಲಿ ಮೋಟರು ಆಕ್ಸಲ್‌ನ ಮುಂದಕ್ಕೆ, ಕಾರಿನ ನಡುವಿನ ಕಡೆಗೆ ಬಂದಿದೆ. ಈ ಯೋಚನೆ ಹೊಸದೇನಲ್ಲ. ಜಪಾನಿನ ಕ್ಯೋಶೋ ಕಂಪನಿ 1987ರ ಆಪ್ಟಿಮಾ ಮಿಡ್ ಎಂಬ ನಾಲ್ಕು ಚಕ್ರ ಚಾಲನೆಯ ಬಗ್ಗಿಯಲ್ಲಿಯೇ ಮೋಟರನ್ನು ನಡುವಿಗೆ ತಂದಿತ್ತು. ಎರಡು ಚಕ್ರ ಚಾಲನೆಯಲ್ಲಿ ಅದು ತಡವಾದದ್ದಕ್ಕೆ ಕಾರಣ ನೆಲ. ಮಣ್ಣು ಸಡಿಲವಾಗಿರುವವರೆಗೆ ಹಿಂದಿನ ಭಾರವನ್ನು ಬಿಟ್ಟುಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಯುರೋಪಿನಲ್ಲಿ ಕಾರ್ಪೆಟ್ ಮತ್ತು ಕೃತಕ ಹುಲ್ಲಿನ ಟ್ರ್ಯಾಕುಗಳು ಹೆಚ್ಚಿದಂತೆ, ಅಮೆರಿಕದ ಸೂರಿನಡಿಯ ಜೇಡಿಮಣ್ಣಿನ ಟ್ರ್ಯಾಕುಗಳು ಗುಬಟುಗಳಿಲ್ಲದ ನುಣ್ಣನೆಯ ಟಯರೂ ಕಚ್ಚುವಷ್ಟು ಬಿಗಿಯಾದಂತೆ, ಹಿಡಿತಕ್ಕಾಗಿ ಭಾರವನ್ನು ಹಿಂದೆ ಹೇರುವ ಅಗತ್ಯ ಕಡಿಮೆಯಾಯಿತು. 2010ರ ದಶಕದಲ್ಲಿ ನಡುಮೋಟರಿನ ಕಾರುಗಳು ಒಂದರ ಹಿಂದೊಂದು ಬಂದವು. ಬಿ6ರ ಹಿಂದಿನ ಪೀಳಿಗೆಯಾದ ಬಿ5 ಎರಡೂ ಬಗೆಯಲ್ಲಿ ದೊರೆಯುತ್ತಿತ್ತು. ಬಿ6 ನಡುಮೋಟರಿನದಾಗಿ ಮಾತ್ರ ಬಂದಿತು.

ಕಾರ್ಪೆಟ್ಟಿನ ಮೇಲೆ ಇದರ ಪರಿಣಾಮದ ಬಗ್ಗೆ ಚರ್ಚೆಗೇ ಎಡೆಯಿಲ್ಲ. ಬಿ6 ತಿರುವಿನ ಒಳ ಅಂಚನ್ನು ದಾರ ಕಟ್ಟಿ ಎಳೆದಂತೆ ಹಿಡಿಯುತ್ತದೆ, ದಿಬ್ಬದಿಂದ ಜಿಗಿದಾಗ ಮೂಗು ಏರದೆ ಬಾಲ ಇಳಿಯದೆ ಮಟ್ಟಸವಾಗಿ ಹಾರಿ ನಾಲ್ಕೂ ಚಕ್ರಗಳ ಮೇಲೆ ಒಟ್ಟಿಗೆ ಕೂರುತ್ತದೆ. ಆರ್‌ಸಿ10 ಅಲ್ಲಿ ಎರಡನೆಯ ತಿರುವಿನಲ್ಲಿಯೇ ಪಕ್ಕಕ್ಕೆ ಮಗುಚಿತು. ಎತ್ತರವಾದ ಗುರುತ್ವ ಕೇಂದ್ರವಿರುವ ಕಾರಿನ ಟಯರಿಗೆ ಜಾರಲು ಅವಕಾಶವಿಲ್ಲದಿದ್ದರೆ ಆಗುವುದೇ ಅದು. ಅದಕ್ಕೆ ಆ ಕಾರನ್ನು ದೂರುವುದು ಎತ್ತಿನ ಗಾಡಿಯನ್ನು ದೋಣಿಯಲ್ಲವೆಂದು ದೂರಿದಂತೆ. ಹಾರ್ನೆಟ್ಟನ್ನು ಕಾರ್ಪೆಟ್ಟಿಗೆ ಇಳಿಸಲಿಲ್ಲ, ಅದರ ಮುಳ್ಳು ಟಯರುಗಳು ಆ ನೆಲಕ್ಕೆ ತಕ್ಕವಲ್ಲ.

ಮಣ್ಣಿನಲ್ಲಿ ಮಾತ್ರ ಫಲಿತಾಂಶ ನಾನು ಎಣಿಸಿದ್ದಕ್ಕಿಂತ ಸೂಕ್ಷ್ಮವಾಗಿತ್ತು. ಬೆಳಿಗ್ಗೆ ನೆಲ ಒದ್ದೆಯಾಗಿದ್ದಾಗ ಬಿ6 ಪ್ರತಿ ಸುತ್ತಿನಲ್ಲಿಯೂ ಆರ್‌ಸಿ10ಕ್ಕಿಂತ ಸ್ಪಷ್ಟವಾಗಿ ಮುಂದಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಧೂಳು ಏಳತೊಡಗಿದಾಗ ಅದು ತಿರುವಿನಿಂದ ಹೊರಬರುವಾಗಲೆಲ್ಲ ಬಾಲ ಬೀಸತೊಡಗಿತು. ನಾನು ಥ್ರಾಟಲನ್ನು ಅರ್ಧದಲ್ಲಿ ತಡೆಹಿಡಿಯಬೇಕಾಯಿತು. ಆರ್‌ಸಿ10ರಲ್ಲಿ ಅದೇ ಜಾಗದಲ್ಲಿ ಬೆರಳನ್ನು ಪೂರ್ತಿ ಒತ್ತಿದರೂ ಕಾರು ಹಿಂದಿನ ಕಾಲುಗಳ ಮೇಲೆ ಕುಕ್ಕರಿಸಿ ನೇರವಾಗಿ ಹೊರಟಿತು. ಸುತ್ತಿನ ಸಮಯದಲ್ಲಿ ಎರಡೂ ಬಹುತೇಕ ಸಮನಾದವು. ಬಿ6ರ ಬ್ಯಾಟರಿಯನ್ನು ಗೂಡಿನೊಳಗೆ ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿದ ಮೇಲೆ ಅದು ಮತ್ತೆ ಮುಂದಾಯಿತು, ಆದರೆ ಬೆಳಗಿನ ಅಂತರ ಮರಳಿ ಬರಲಿಲ್ಲ. ಅಂದರೆ ಹೊಸ ಕಾರನ್ನು ಆ ಮಣ್ಣಿಗೆ ಒಗ್ಗಿಸಲು ನಾನು ಮಾಡಿದ್ದು ಅದನ್ನು ಒಂದಿಷ್ಟು ಹಳೆಯ ಕಾರಿನಂತೆ ಮಾಡುವ ಕೆಲಸವನ್ನೇ.

ನಾಲ್ಕು ಚಕ್ರ ಚಾಲನೆಯ ಬಗ್ಗಿಗಳದು ಬೇರೆಯೇ ಕಥೆ. ಅಲ್ಲಿ ವಿನ್ಯಾಸಕಾರರು ಮುಖ್ಯವಾಗಿ ತಲೆ ಕೆಡಿಸಿಕೊಂಡದ್ದು ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಹೇಗೆ ಒಯ್ಯುವುದು ಎಂಬುದಕ್ಕೆ. 1985ರ ಕ್ಯೋಶೋ ಆಪ್ಟಿಮಾ ಸೈಕಲ್ಲಿನಂಥ ಚೈನನ್ನು, ಅದೇ ವರ್ಷದ ತಮಿಯಾ ಹಾಟ್‌ಶಾಟ್ ಶಾಫ್ಟನ್ನು, ಇಂಗ್ಲೆಂಡಿನ ಶೂಮಾಕರ್ ಕ್ಯಾಟ್ ಬೆಲ್ಟನ್ನು ಬಳಸಿದವು. ಸ್ನೇಹಿತರ ಆಪ್ಟಿಮಾವನ್ನು ಒಂದು ಬ್ಯಾಟರಿ ಮುಗಿಯುವಷ್ಟು ಹೊತ್ತು ಓಡಿಸಿದೆ. ಚೈನಿನ ಸದ್ದು ಕಿವಿಗೆ ಹಿತವಾಗಿತ್ತು, ಆದರೆ ಅಷ್ಟರಿಂದ ತೀರ್ಪು ಕೊಡುವುದು ಸರಿಯಲ್ಲ.

ಊರಿನಲ್ಲಿ ಮಕ್ಕಳಿಗೆ ಇಂಥದೊಂದು ಕಾರು ಕೊಡಿಸಬೇಕೆಂದು ನನ್ನನ್ನು ಕೇಳುವ ಬಂಧುಗಳಿಗೆ ನಾನು ಹೇಳುವುದು ಹಾರ್ನೆಟ್ಟನ್ನೇ. ಶಾಲೆಯ ಮೈದಾನದ ಜಲ್ಲಿ, ಒಣ ಹುಲ್ಲು, ಅಂಗಳದ ಕಟ್ಟೆಗೆ ಬಡಿಯುವ ಬಂಪರು, ಇವುಗಳಿಗೆ ಟ್ರ್ಯಾಕಿನ ಕಾರಿನ ನಾಜೂಕು ಬೇಡ. ನಿಯಮಿತವಾಗಿ ರೇಸಿಗೆ ಹೋಗುವವರು ಬಿ6ರಂಥ ನಡುಮೋಟರಿನ ಕಾರನ್ನೇ ಕೊಳ್ಳಬೇಕು. ಆದರೆ ಕೊಳ್ಳುವ ಮೊದಲು ತಾವು ಓಡಿಸುವ ಟ್ರ್ಯಾಕಿಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೋಗಿ ನೆಲವನ್ನು ಕೈಯಿಂದ ಉಜ್ಜಿ ನೋಡಬೇಕು, ಏಕೆಂದರೆ ಕಾರ್ಪೆಟ್ಟಿಗೂ ಸಡಿಲ ಮಣ್ಣಿಗೂ ಬೇಕಾಗುವ ಗೇರ್‌ಬಾಕ್ಸ್ ಜೋಡಣೆ, ಟಯರು, ಎಣ್ಣೆ ಎಲ್ಲವೂ ಬೇರೆ. ಹಳೆಯ ಆರ್‌ಸಿ10 ಯಾರಲ್ಲಾದರೂ ಸಿಕ್ಕಿದರೆ ತೊಟ್ಟಿಯಂಥ ಅದರ ಅಲ್ಯುಮಿನಿಯಂ ಷಾಸಿಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಎಲ್ಲಿಯಾದರೂ ಬಾಗಿದೆಯೇ ಎಂದು ಪರೀಕ್ಷಿಸಿ. ತೊಟ್ಟಿ ನೆಟ್ಟಗಿದ್ದರೆ ಶಾಕ್‌ನ ರಬ್ಬರ್ ಉಂಗುರಗಳನ್ನು ಬದಲಾಯಿಸಿ, ಹೊಸ ಎಣ್ಣೆ ತುಂಬಿ, ಮಧ್ಯಾಹ್ನದ ಮಣ್ಣಿಗೆ ಇಳಿಸಬಹುದು.